ಶಯ್ಯಾದಾನದ ಕೌದಿ

ವೀಣಾ, ನನ್ನ ಕುರ್ಚಿಯಲ್ಲಿ ಈಗ ನೀನು ಕೂತಿದ್ದೀಯ. ನಿಮ್ಮ ಯಜಮಾನರನ್ನ ಬ್ಯಾಂಕಿನವರು ದಾವಣಗೆರೆಯಿಂದ ಎತ್ತಿ ಕಾಶಿಗೆ ಹಾಕಿದರು, ನಿನಗೆ ಮನೆಯಲ್ಲಿ ಹೊತ್ತು ಹೋಗಲಿಲ್ಲ, ನಮ್ಮ ನಾಯಿ ಶೆಲ್ಟರಿಗೆ ಬಂದೆ. "ಅಕ್ಕ, ಈ ಕೆಲಸದಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಒಂದು ಹಾಳೆಯಲ್ಲಿ ಬರೆದುಕೊಡಿ" ಅಂದೆ. ಬರೆಯೋಕೆ ಕೂತು ಮೂರು ದಿನ ಆಯ್ತು. ಮಾಡಬೇಕಾದ್ದು ಅಂತ ಒಂದು ಸಾಲು ಬರೀತೀನಿ, ಅದನ್ನೇ ಮಾಡಿ ಎಡವಿದ್ದು ನೆನಪಾಗುತ್ತೆ, ಹೊಡೆದು ಹಾಕ್ತೀನಿ. ಮಾಡಬಾರದ್ದು ಅಂತ ಬರೀತೀನಿ, ಅದನ್ನ ಮಾಡಿದ್ದರಿಂದಲೇ ನಾಲ್ಕು ನಾಯಿ ಬದುಕಿದ್ದು ನೆನಪಾಗುತ್ತೆ. ಹಾಳೆ ತುಂಬಾ ಕಾಟು. ಅದಕ್ಕೆ ಪಟ್ಟಿ ಬಿಟ್ಟು, ಆಗಿದ್ದನ್ನ ಆದ ಹಾಗೆ ಬರೀತೀನಿ. ಏನು ಮಾಡಬೇಕು ಅನ್ನೋದನ್ನ ನೀನೇ ಹೆಕ್ಕಿಕೋ. ನನಗೆ ಹತ್ತೊಂಬತ್ತು ವರ್ಷದಲ್ಲಿ ಹೆಕ್ಕೋಕೆ ಆಗಲಿಲ್ಲ.

ಕಾಗದದ ಮೇಲೆ ಈ ಕೆಲಸದ ಹೆಸರು ಸ್ಟೋರ್ ಇನ್‌ಚಾರ್ಜ್. ನಿಜವಾಗಿ ನೋಡಿದರೆ ಬರೀ ಕೇಳೋ ಕೆಲಸ. ಹತ್ತಿ ಕೇಳು, ಬ್ಯಾಂಡೇಜು ಕೇಳು, ಬಕೆಟ್ಟು, ಫಿನಾಯಿಲು, ಹಾಲಿನ ಪುಡಿ, ಹಳೇ ಪೇಪರು, ಹರಿದ ಗೋಣಿಚೀಲ ಕೇಳು. ನಮ್ಮ ಮನೆತನ ನಿನಗೆ ಗೊತ್ತಲ್ಲ. ಮುತ್ತಜ್ಜ ಕರ್ನಾಟಕದಿಂದ ಬಂದು ವಿಶ್ವನಾಥ ಗಲ್ಲಿಯ ಹತ್ತಿರ ಮನೆ ಮಾಡಿದವರು. ಆವತ್ತಿಂದ ಇವತ್ತಿನವರೆಗೆ ನಮ್ಮ ಗಂಡಸರೆಲ್ಲ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ಪಿಂಡ ಮಾಡಿಸಿಕೊಂಡೇ ಬಂದಿದ್ದಾರೆ. ದಾನ ತಗೊಳ್ಳೋದು ನಮ್ಮ ಕೈಗೆ ರೂಢಿ. ಕೇಳೋದು ಬಾಯಿಗೆ ರೂಢಿ ಇರಲಿಲ್ಲ. ನಮ್ಮಲ್ಲಿ ಕೊಡೋರು ತಾವಾಗಿ ಬರ್ತಾರೆ, ಮಂತ್ರ ಹೇಳಿ ಧಾರೆ ಎರೀತಾರೆ, ನಾವು ತಗೋತೀವಿ, ಮುಗೀತು. ಮೊದಲನೇ ದಿನ ತಿವಾರಿ ಡಾಕ್ಟರು, ಅಂದರೆ ಶೆಲ್ಟರು ಶುರು ಮಾಡಿದವರು, "ಶಾರದಾಜೀ, ಅಂಗಡಿ ಅಂಗಡಿಗೆ ಹೋಗಿ ಕೇಳಿ, ಅಷ್ಟೇ" ಅಂದಾಗ ನನಗೆ ಕಾಲೇ ಏಳಲಿಲ್ಲ. ಗಲ್ಲಿಯಲ್ಲಿ ಒಂದು ಸೀರೆ ಅಂಗಡಿ ಮುಂದೆ ಅರ್ಧ ಗಂಟೆ ನಿಂತೆ. ಗಿರಾಕಿ ಅಂದ್ಕೊಂಡು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟು ಇಪ್ಪತ್ತು ಸೀರೆ ಬಿಚ್ಚಿ ಹಾಕಿದ. ನಾನು ನೋಡಿದೆ, ಚೆನ್ನಾಗಿದೆ ಅಂದೆ, ಎದ್ದು ಬಂದೆ. ಮರಿಗಳನ್ನ ಮಲಗಿಸೋಕೆ ಸೀರೆಯ ಹಳೇ ರಟ್ಟಿನ ಡಬ್ಬ ಕೇಳೋಕೆ ಹೋಗಿದ್ದೆ, ಅದನ್ನ ಕೇಳೋದೇ ಮರೆತುಹೋಯಿತು.

ಬಾಯಿ ಬಂದ ಮೇಲೆ ಇನ್ನೊಂದು ಪಚೀತಿ. "ಏನಾದರೂ ಕೊಡಿ" ಅಂತ ಕೇಳಿದೆ. ಏನಾದರೂ ಅಂದರೆ ಜನ ನಿಜವಾಗಲೂ ಏನಾದರೂ ಕೊಡ್ತಾರೆ ಕಣೆ. ನಿಂತ ಗೋಡೆ ಗಡಿಯಾರ, ಒಂಟಿ ಚಪ್ಪಲಿ, ಯಾರದ್ದೋ ಮದುವೆಯಲ್ಲಿ ಉಳಿದ ಪೇಪರ್ ತಟ್ಟೆ. ಸರಿ, ಹಳೇ ಬಟ್ಟೆ ಅಂತ ಬಿಡಿಸಿ ಕೇಳೋಣ ಅಂದ್ಕೊಂಡೆ. ಒಂದು ಮನೆಯವರು ಗಂಟುಗಟ್ಟಲೆ ರವಿಕೆ ಕಳಿಸಿದರು. ಮರಿಗಳಿಗೆ ಮೆತ್ತಗಿರಲಿ ಅಂತ ನಾನೇ ಕೈಯಾರೆ ಹಾಸಿದೆ. ಒಂದು ಮರಿ ರವಿಕೆಯ ಹುಕ್ಕು ಕಚ್ಚಿ ನುಂಗಿಬಿಡ್ತು. ತಿವಾರಿ ಡಾಕ್ಟರು ಹೊಟ್ಟೆ ಕೊಯ್ದು ತೆಗೆದರು, ತೆಗೆದ ಹುಕ್ಕನ್ನ ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮರಿ ಉಳೀತು. ನಾನು ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ.

ಪೇಪರಿನದು ಕೇಳು. ನೆಲಕ್ಕೆ ಹಾಸೋಕೆ ಹಳೇ ಪೇಪರು ಬೇಕು ಅಂತ ಅಸ್ಸಿ ಘಾಟಿನ ಗೆಸ್ಟ್‌ಹೌಸುಗಳಿಗೆಲ್ಲ ಹೇಳಿ ಬಂದೆ. ರಾಶಿ ರಾಶಿ ಬಂತು. ಹಾಸೋಕೆ ಹೋದರೆ ಕಾಶಿಯ ಪೇಪರಿನಲ್ಲಿ ದೇವರ ಚಿತ್ರ ಇಲ್ಲದ ಪುಟ ಎಲ್ಲಿದೆ? ಒಂದರಲ್ಲಿ ಶಿವ, ಒಂದರಲ್ಲಿ ಹನುಮಂತ, ಅಗರಬತ್ತಿ ಜಾಹೀರಾತಿನಲ್ಲಿ ಲಕ್ಷ್ಮಿ. ನಾಯಿ ಅದರ ಮೇಲೆ ಏನು ಮಾಡುತ್ತೆ ಅಂತ ಗೊತ್ತಲ್ಲ. ಕತ್ತರಿ ಹಿಡ್ಕೊಂಡು ಕೂತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದೇವರನ್ನ ಕತ್ತರಿಸೋದೇ ನನ್ನ ಕೆಲಸ. ಕತ್ತರಿಸಿದ ದೇವರುಗಳನ್ನ ಎಲ್ಲಿಡಬೇಕು? ಒಂದು ಡಬ್ಬದಲ್ಲಿ ತುಂಬಿದೆ, ಡಬ್ಬ ತುಂಬಿತು, ಇನ್ನೊಂದು ಡಬ್ಬ. ಡಾಕ್ಟರು ಬಂದು ನೋಡಿ, "ಭೈರವನ ಮಂದಿರದಲ್ಲಿ ನಾಯಿ ದೇವರ ಪಕ್ಕದಲ್ಲೇ ಮಲಗುತ್ತೆ, ಅಲ್ಲಿ ಯಾರೂ ಕತ್ತರಿ ಹಿಡೀತಿಲ್ಲ" ಅಂದರು. ಅದೂ ನಿಜ. ಆದರೂ ನನ್ನ ಕೈ ಬರಲಿಲ್ಲ. ನಾನು ಹಿಡಿದದ್ದು ಭಕ್ತಿಯೋ ಹೆಡ್ಡತನವೋ ಇವತ್ತಿಗೂ ತೀರ್ಮಾನ ಆಗಿಲ್ಲ. ಡಬ್ಬಗಳು ಸ್ಟೋರಿನ ಅಟ್ಟದ ಮೇಲಿವೆ, ಬಿಸಾಕಬೇಡ.

ಆಮೇಲೆ ಕರಿನಾಯಿ ಪುರಾಣ. ಶನಿವಾರ ಬಂತು ಅಂದರೆ ಫೋನು ಶುರು. "ನಿಮ್ಮಲ್ಲಿ ಕರಿನಾಯಿ ಇದೆಯಾ?" ಶನಿಯ ಕಾಟ ಇರೋರು ಕರಿನಾಯಿಗೆ ಸಾಸಿವೆ ಎಣ್ಣೆ ಹಚ್ಚಿದ ರೊಟ್ಟಿ ಹಾಕಬೇಕಂತೆ. ರೊಟ್ಟಿ, ಬಿಸ್ಕತ್ತು, ಕಂಬಳಿ ಎಲ್ಲ ಕರಿನಾಯಿಗೆ. ಕಂದು ನಾಯಿ, ಬಿಳಿ ನಾಯಿಗಳನ್ನ ಕೇಳೋರಿಲ್ಲ. ರಾಮನಗರದ ಒಬ್ಬ ಸಿಮೆಂಟ್ ವ್ಯಾಪಾರಿ ಚಳಿಗಾಲಕ್ಕೆ ನಾಯಿ ಸ್ವೆಟರ್ ಕೊಟ್ಟ, ಹತ್ತು. ಕರಿನಾಯಿಗೇ ಹಾಕಬೇಕು ಅಂತ ಮಾತು ತಗೊಂಡ. ನಮ್ಮಲ್ಲಿ ಆಗ ಇದ್ದ ಕರಿನಾಯಿ ಮೂರು. ಉಳಿದ ಏಳು ಸ್ವೆಟರನ್ನ ಏನು ಮಾಡಲಿ, ನಡುಗ್ತಿದ್ದ ಬೇರೆಯವಕ್ಕೆ ಹಾಕಿದೆ. ಮುಂದಿನ ಶನಿವಾರ ಅವನು ಹೇಳದೆ ಕೇಳದೆ ಬಂದು ನೋಡಿದ. ಒಂದು ಬಿಳೀ ನಾಯಿ ಅವನ ಸ್ವೆಟರ್ ಹಾಕ್ಕೊಂಡು ಗೇಟಿನಲ್ಲೇ ಬಾಲ ಅಲ್ಲಾಡಿಸ್ತಿತ್ತು. ಅವನಿಗೆ ಸಿಟ್ಟು ಬರಲಿಲ್ಲ, ಭಯ ಆಯ್ತು. ಬಿಳೀದು ಯಾವ ಗ್ರಹಕ್ಕೆ ಹೋಗುತ್ತೆ, ತಿರುಗಿಬೀಳೋದಿಲ್ಲ ತಾನೆ ಅಂತ ನನ್ನನ್ನೇ ಕೇಳಿದ. ಪುರೋಹಿತರ ಮನೆ ಮಗಳು, ನನಗೆ ಗೊತ್ತಿರಬೇಕು ಅಂತ ಅವನ ಲೆಕ್ಕ. ನಾನು ಚಂದ್ರ ಅಂದೆ. ಸುಮ್ಮನೆ ಬಾಯಿಗೆ ಬಂದದ್ದು.

ಈಗ ನಿಮಗೆಲ್ಲ ವಾಟ್ಸಾಪು. ಒಂದು ಸಂದೇಶ ಹಾಕಿದರೆ ಇನ್ನೂರು ಜನ ಕೈಮುಗಿದ ಚಿತ್ರ ಕಳಿಸ್ತಾರೆ, ಕಂಬಳಿ ಒಬ್ಬರೂ ಕಳಿಸಲ್ಲ. ನಾನು ಮೊದಲ ಸಲ ಹಾಕಿದ ಸಂದೇಶಕ್ಕೆ ತಾರೀಕು ಹಾಕೋದು ಮರೆತೆ. "ಚಳಿಗೆ ನಾಯಿಗಳು ಸಾಯ್ತಿವೆ, ದಯವಿಟ್ಟು ಕಂಬಳಿ ಕೊಡಿ." ಅದು ಊರೂರು ಸುತ್ತಿ ಮೇ ತಿಂಗಳಲ್ಲಿ ವಾಪಸ್ ಬಂತು. ನೆಲ ಕಾಲಿಟ್ಟರೆ ಸುಡೋ ಸೆಕೆಯಲ್ಲಿ ಆಟೋ ತುಂಬಾ ಕಂಬಳಿ. ತಂದವರು ಬೆವರು ಒರೆಸ್ಕೊಳ್ತಾ, "ಇನ್ನೂ ಬದುಕಿವೆಯಾ?" ಅಂತ ಕೇಳಿದರು. ತಾರೀಕು ಹಾಕು, ವೀಣಾ. ಹಾಂ, ಒಂದು ಸಾಲು ಸಿಕ್ತು ನೋಡು ನಿನ್ನ ಪಟ್ಟಿಗೆ.

ಈಗ ನಾನು ನಿಜವಾಗಿ ಹೇಳಬೇಕಾದ್ದಕ್ಕೆ ಬರ್ತೀನಿ.

ಅದು ನಾನು ಕೆಲಸ ಬಿಡೋದಕ್ಕೆ ಹಿಂದಿನ ಚಳಿಗಾಲ. ಆ ವರ್ಷ ಸೊಂಟ ಮುರಿದ ನಾಯಿಗಳೇ ಹೆಚ್ಚು ಬಂದವು, ಹೊಸ ರಸ್ತೆಯಲ್ಲಿ ಗಾಡಿಗಳ ವೇಗ ಹಾಗಿತ್ತು. ಹಿಂಗಾಲು ಸತ್ತ ನಾಯಿ ಒಂದೇ ಮಗ್ಗುಲಲ್ಲಿ ಸಿಮೆಂಟಿನ ಮೇಲೆ ಮಲಗಿದರೆ ನಾಲ್ಕೇ ದಿನದಲ್ಲಿ ಚರ್ಮ ಕಿತ್ತು ಹುಣ್ಣಾಗುತ್ತೆ. ಹುಣ್ಣು ಮೂಳೆಗೆ ಇಳಿದರೆ ಮುಗೀತು. ಗೋಣಿಚೀಲ ಸಾಲದು, ದಪ್ಪ ಹಾಸಿಗೆ ಬೇಕು. ಡಾಕ್ಟರು ದಿನಾ ಕೇಳ್ತಿದ್ದರು, "ಶಾರದಾಜೀ, ಹಾಸಿಗೆ ಬಂತಾ?" ನಾನು ದಿನಾ ಇಲ್ಲ ಅಂತಿದ್ದೆ. ಹಾಸಿಗೆ ಯಾರು ಕೊಡ್ತಾರೆ? ಹಳೇ ಹಾಸಿಗೆಯನ್ನ ಜನ ಬಿಚ್ಚಿ, ಹತ್ತಿ ಹಿಂಜಿಸಿ, ಮತ್ತೆ ತುಂಬಿಸ್ಕೊಳ್ತಾರೆ.

ಹೊಸ ಹಾಸಿಗೆ ಬರೋ ಮನೆ ಒಂದೇ ಒಂದು ನನಗೆ ಗೊತ್ತಿತ್ತು, ನಮ್ಮದೇ ಮನೆ. ನಮ್ಮ ದೊಡ್ಡಪ್ಪನ ಮಗ ನರಹರಿ ಅಣ್ಣ ಯಾತ್ರಿಕರಿಂದ ಶಯ್ಯಾದಾನ ತಗೊಳ್ತಿದ್ದ. ನಿನಗೆ ಗೊತ್ತಿಲ್ಲದಿದ್ದರೆ ಹೇಳ್ತೀನಿ. ಸತ್ತವರಿಗೆ ಹೋಗೋ ದಾರಿಯಲ್ಲಿ ಮಲಗೋಕೆ ಜಾಗ ಇರಲಿ ಅಂತ ಹಾಸಿಗೆ, ದಿಂಬು, ಹೊದಿಕೆ, ಕೊಡೆ, ಚಪ್ಪಲಿ, ಚೊಂಬು ದಾನ ಕೊಡ್ತಾರೆ. ತಗೊಂಡವರು ಅದರ ಮೇಲೆ ಮಲಗಿದರೆ ಅಲ್ಲಿ ಅವರಿಗೆ ಮುಟ್ಟುತ್ತೆ ಅಂತ ನಂಬಿಕೆ. ಆದರೆ ಒಬ್ಬ ಮನುಷ್ಯ ಎಷ್ಟು ಹಾಸಿಗೆ ಮೇಲೆ ಮಲಗ್ತಾನೆ? ಅಣ್ಣನ ನಡುಕೋಣೆಯಲ್ಲಿ ಹಾಸಿಗೆ ಸೂರಿಗೆ ಮುಟ್ತಿದ್ದವು.

ಹೋಗಿ ಕೇಳಿದೆ. "ತಲೆ ನೆಟ್ಟಗಿದೆಯಾ ನಿನಗೆ?" ಅಂದ. "ಯಾರದ್ದೋ ಅಪ್ಪನ ಹಾಸಿಗೆ ನಾಯಿಗೆ ಹಾಸ್ತೀಯಾ?"

"ಇಲ್ಲಿ ಇಲಿ ಮಲಗಿವೆ, ಅಲ್ಲಿ ನಾಯಿ ಮಲಗುತ್ತೆ," ಅಂದೆ.

ಅಣ್ಣ ತಲೆ ಎತ್ತಿ ಹಾಸಿಗೆ ರಾಶಿ ನೋಡಿದ. "ಧಾರೆ ಎರೆದ ಮೇಲೆ ಅದು ನನ್ನದು. ನಾನು ಯಾರಿಗೆ ಕೊಟ್ಟರೂ ಕೊಟ್ಟವರ ಪುಣ್ಯಕ್ಕೆ ಧಕ್ಕೆ ಇಲ್ಲ, ಅಂತ ಕಾಣುತ್ತೆ."

"ಕಾಣುತ್ತೆ ಅಂದರೆ?"

"ಕಾಣುತ್ತೆ ಅಂದರೆ ಕಾಣುತ್ತೆ. ತಗೊಂಡು ಹೋಗು. ಯಾತ್ರಿಕರ ಕಿವಿಗೆ ಮಾತ್ರ ಬೀಳಬಾರದು."

ತಗೊಂಡು ಬಂದೆ. ಒಂದೊಂದು ಹಾಸಿಗೆಯನ್ನ ನಾಲ್ಕು ತುಂಡು ಮಾಡಿ, ಅಂಚು ಹೊಲಿದು, ಮೇಲೆ ಪ್ಲಾಸ್ಟಿಕ್ ಹೊದೆಸಿ ಹಾಸಿದ್ವಿ. ಎರಡು ವಾರದಲ್ಲಿ ಹುಣ್ಣುಗಳು ಒಣಗೋಕೆ ಶುರುವಾದವು. ಡಾಕ್ಟರು ಎಲ್ಲಿಂದ ಬಂತು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಳಗೊಳಗೆ ಮಾತ್ರ ಕಸಿವಿಸಿ. ಕೊಟ್ಟವರು ಅಪ್ಪನಿಗೆ ಅಂತ ಕೊಟ್ಟಿದ್ದು, ಅಣ್ಣ ತನಗೆ ಅಂತ ತಗೊಂಡಿದ್ದು, ನಾನು ನಾಯಿಗೆ ಹಾಸಿದ್ದು. ಇದರಲ್ಲಿ ಯಾರು ಯಾರಿಗೆ ಮೋಸ ಮಾಡಿದರು? ಕತ್ತರಿ ಆಡಿಸುವಾಗೆಲ್ಲ ಇದೇ ಯೋಚನೆ.

ಒಂದು ದಿನ ಅಣ್ಣನ ಮನೆಯಿಂದ ಬಂದ ಗಂಟಿನಲ್ಲಿ ಕಂಬಳಿಯ ಬದಲು ಕೌದಿ ಇತ್ತು. ಹಳೇ ಸೀರೆಗಳನ್ನ ಪದರ ಪದರವಾಗಿ ಇಟ್ಟು, ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ದಾರ ಓಡಿಸಿ ಹೊಲಿದದ್ದು. ಎತ್ತಿದರೆ ಭಾರ, ಮುಟ್ಟಿದರೆ ಮೆತ್ತಗೆ. ಕಾಶಿಯಲ್ಲಿ ಅದನ್ನ ನೋಡಿ ನನಗೆ ಒಂಥರಾ ಆಯ್ತು. ಕತ್ತರಿ ಹಾಕೋಕೆ ಮನಸ್ಸು ಬರಲಿಲ್ಲ. ಇಡೀ ಕೌದಿಯನ್ನೇ ಕೊನೆಯ ಕೋಣೆಯ ಕಂದು ಹೆಣ್ಣುನಾಯಿಗೆ ಹಾಕಿದೆ. ಅದಕ್ಕೂ ಹಿಂಗಾಲು ಎರಡೂ ಹೋಗಿದ್ದವು. ಬಂದಾಗಿನಿಂದ ಕುಂಯ್ ಕುಂಯ್ ಅಂತ ನಿದ್ದೆ ಇಲ್ಲದೆ ಒದ್ದಾಡ್ತಿದ್ದದ್ದು, ಕೌದಿ ಹಾಕಿದ ದಿನ ಮೂತಿ ಒಳಗೆ ತೂರಿಸಿ ಮಲಗಿಬಿಡ್ತು.

ಮೂರನೇ ದಿನ ಬೆಳಿಗ್ಗೆ ಅಣ್ಣನ ಫೋನು. "ಶಾರದಾ, ಆ ಕೌದಿ ಇದೆಯಾ? ಇದೆ ತಾನೆ? ಅದನ್ನ ಕೊಟ್ಟ ರಾಯರು ನನ್ನ ಜೊತೆ ಆಟೋದಲ್ಲಿದ್ದಾರೆ. ಸೇತುವೆ ದಾಟ್ತಿದ್ದೀವಿ." ಸ್ವಲ್ಪ ದನಿ ಇಳಿಸಿ, "ನಮ್ಮ ತಂಗಿ ಹೊದ್ದುಕೊಳ್ತಾಳೆ ಅಂತ ಹೇಳಿದ್ದೀನಿ" ಅಂದ.

ಶ್ರೀನಿವಾಸರಾಯರು ಅಂತ, ಬಾಗಲಕೋಟೆ ಕಡೆಯವರು, ಹೈಸ್ಕೂಲು ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ವರ್ಷ ತುಂಬಿತ್ತು, ಅವರ ಕಾರ್ಯಕ್ಕೆ ಬಂದಿದ್ದರು. ಅಂಗಡಿಯ ಕಂಬಳಿ ಬೇಡ, ಆಕೆ ಹೊದೀತಿದ್ದದ್ದನ್ನೇ ಕೊಡ್ತೀನಿ ಅಂತ ಊರಿಂದ ಹೊತ್ತು ತಂದಿದ್ದರಂತೆ. ಊರಿಗೆ ಹೊರಡೋ ಮುಂಚೆ ಅದನ್ನ ಯಾರು ಹೊದ್ದಿದ್ದಾರೆ ಅಂತ ಒಂದು ಸಲ ಕಣ್ಣಾರೆ ನೋಡಬೇಕು ಅಂತ ಹಟ ಹಿಡಿದಿದ್ದರು. ತಗೊಂಡವರು ಬೆಚ್ಚಗಿದ್ದರೆ ಆಕೆಯೂ ಬೆಚ್ಚಗಿರ್ತಾಳೆ, ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಅದೇ ಇಲ್ಲ ಅಂತ ಗೊತ್ತಾದರೆ ಆ ಮನುಷ್ಯ ಏನು ಹೊತ್ತುಕೊಂಡು ಊರಿಗೆ ಹೋಗಬೇಕು?

ನಾನು ಆಗ ಮಾಡಿದ್ದನ್ನ ನೀನು ಮಾಡಬೇಡ. ಓಡಿಹೋಗಿ ಕೊನೆಯ ಕೋಣೆಯ ಬಾಗಿಲು ತೆಗೆದು, ಮಲಗಿದ್ದ ನಾಯಿಯ ಕೆಳಗಿಂದ ಕೌದಿ ಎಳೆದುಕೊಂಡೆ. ಅದು ಎಚ್ಚರಾಗಿ ಮುಂಗಾಲಿನಲ್ಲಿ ಅಂಚನ್ನ ಒತ್ತಿ ಹಿಡೀತು. ಬಿಡಿಸಿಕೊಂಡೆ. ನಾಲ್ಕು ಸಲ ಕೊಡವಿದೆ, ಸ್ಟೋರಿಗೆ ಬಂದು ಮೈತುಂಬಾ ಹೊದ್ದುಕೊಂಡು ಕುರ್ಚಿಯಲ್ಲಿ ಕೂತೆ.

ರಾಯರು ಬಂದರು. ಕಚ್ಚೆ ಪಂಚೆ, ಮಂಗನ ಟೋಪಿ, ಕೈಯಲ್ಲಿ ಬಟ್ಟೆ ಚೀಲ. ಕೌದಿ ನೋಡಿದ ಕೂಡಲೆ ಮುಖ ಅರಳಿತು. ನನ್ನನ್ನ ನೋಡಲೇ ಇಲ್ಲ, ಕೌದಿಯನ್ನ ನೋಡಿದರು.

"ಅಕ್ಕಾರ, ದಿನಾ ನೀವ ಹೊಚಗೋತೀರೇನ್ರಿ ಇದನ್ನ?"

"ಹ್ಞೂಂ ರಾಯರೇ, ದಿನಾ."

"ಬೆಚ್ಚಗ ಆಗ್ತದೇನ್ರಿ?"

"ತುಂಬಾ."

ಹತ್ತಿರ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿದರು. "ಈ ಹಸಿರು ನಮ್ಮ ಲಗ್ನದ ಸೀರಿ. ಇದು ಮಗಳ ಲಂಗ," ಅಂತ ತಮ್ಮಷ್ಟಕ್ಕೆ ಹೇಳ್ಕೊಂಡರು. ಬೆರಳು ನಿಂತಿತು. ಹೊಲಿಗೆ ಸಂದಿಯಿಂದ ಏನೋ ಚಿವುಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಗಿಡ್ಡನೆಯ ಕಂದು ಕೂದಲು. ನನ್ನ ತಲೆ ಪೂರಾ ಬೆಳ್ಳಗಿದೆ, ನೀನು ನೋಡಿದ್ದೀಯ.

"ಇದು ನಿಮ್ಮ ಕೂದಲಲ್ರಿ," ಅಂದರು.

ಅಣ್ಣ ಗೋಡೆಯ ಮೇಲಿನ ಲಸಿಕೆ ಪಟ್ಟಿ ಓದೋಕೆ ಶುರು ಮಾಡಿದ. ನಾನು ಎಲ್ಲ ಹೇಳಿಬಿಟ್ಟೆ. ಹಾಸಿಗೆ, ತುಂಡು, ಹುಣ್ಣು, ನಾಯಿ, ಎಲ್ಲ ಹಿಂದುಮುಂದಾಗಿ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ರಾಯರು ಕೇಳಿಸ್ಕೊಂಡರು, "ಎಲ್ಲದ ಆ ನಾಯಿ?" ಅಂದರು.

ಕರಕೊಂಡು ಹೋದೆ. ಕೌದಿ ಕಿತ್ತುಕೊಂಡ ಜಾಗದಲ್ಲಿ ಅದು ಇರಲಿಲ್ಲ. ಮುಂಗಾಲಿನಲ್ಲಿ ತೆವಳಿ ತೆವಳಿ ಬಾಗಿಲವರೆಗೆ ಬಂದು ಬರೀ ಸಿಮೆಂಟಿನ ಮೇಲೆ ಬಿದ್ದಿತ್ತು, ಮೈಯೆಲ್ಲ ಗಡಗಡ ನಡುಗ್ತಿತ್ತು.

"ಇದರ ಕೆಳಗಿಂದ ತಗದ್ರೇನ್ರಿ?"

"ನೀವು ಬರ್ತೀರಿ ಅಂತ."

"ನನಗ ತೋರಸ್ಲಿಕ್ಕೆ?"

ನಾನು ತಲೆ ಆಡಿಸಿದೆ. ರಾಯರಿಗೆ ಸಿಟ್ಟು ಬಂತು. ಹೆಡ್‌ಮಾಸ್ತರ ಸಿಟ್ಟು, ದನಿ ಏರಿಸದೆ ಬರೋ ಅಂಥದ್ದು. "ನಾ ಕೇಳ್ಲಿಕ್ಕೆ ಬಂದದ್ದು ಒಂದ ಮಾತ್ರಿ. ಆಕಿಗೆ ಥಂಡಿ ಹತ್ತೇದೋ ಇಲ್ಲೋ ಅಂತ. ಹತ್ತಿದ್ದಿಲ್ಲ. ನೀವು ಈಗ ಹತ್ತಿಸೀರಿ."

ಆಮೇಲೆ ಏನಾಯ್ತು ಅಂತ ಇಲ್ಲೇ ಹೇಳಿಬಿಡ್ತೀನಿ, ನಿನ್ನ ಕೆಲಸಕ್ಕೆ ಬೇಕು. ಅವತ್ತಿಂದ ನಾನು ಅಣ್ಣನ ಮನೆಗೆ ಬರೋ ಯಾತ್ರಿಕರಿಗೆಲ್ಲ ನಿಜ ಹೇಳೋಕೆ ಶುರು ಮಾಡಿದೆ. ಇದು ನಾಯಿಗೆ ಹೋಗುತ್ತೆ, ಒಪ್ಪಿಗೆ ಇದ್ದರೆ ಹೇಳಿ ಅಂತ. ಕೆಲವರು ಒಪ್ಪಿದರು, ತುಂಬಾ ಜನ ಒಪ್ಪಲಿಲ್ಲ, ಒಬ್ಬರು ಅಣ್ಣನ ಮನೆ ಮೆಟ್ಟಿಲೇ ಇಳಿದು ಹೋದರು. ಹಾಸಿಗೆ ಬರೋದು ಕಮ್ಮಿಯಾಯ್ತು, ಎರಡು ನಾಯಿಗೆ ಮತ್ತೆ ಹುಣ್ಣಾಯ್ತು, ಒಂದು ಉಳೀಲಿಲ್ಲ. ಅಣ್ಣ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟ. ಡಾಕ್ಟರು, "ನಿಮ್ಮ ಸತ್ಯ ನಮ್ಮ ಸ್ಟೋರು ಖಾಲಿ ಮಾಡ್ತು" ಅಂದರು. ಹಾಗಾದರೆ ಹೇಳಬಾರದಿತ್ತಾ? ಗೊತ್ತಿಲ್ಲ ಕಣೆ. ಹೇಳು ಅಂತ ನಿನಗೆ ಬರೆಯೋಕೂ ಕೈ ಓಡ್ತಿಲ್ಲ, ಹೇಳಬೇಡ ಅಂತ ಬರೆಯೋಕೂ ಓಡ್ತಿಲ್ಲ. ನಾನು ಆ ರಾಯರ ಮುಖ ನೋಡಿದ್ದೆ, ಅದಕ್ಕೆ ಹೇಳಿದೆ. ನೀನು ನಿನ್ನ ಕಣ್ಣಿಗೆ ಬಿದ್ದದ್ದನ್ನ ನೋಡಿ ಮಾಡು.

ಅವತ್ತು, ಆ ಮಾತು ಆಡಿದ ಮೇಲೆ, ರಾಯರು ನನ್ನ ಹೆಗಲಿಂದ ಕೌದಿ ತಗೊಂಡರು. ಚೀಲ ಅಣ್ಣನ ಕೈಗೆ ಕೊಟ್ಟು, ಮಂಡಿ ಹಿಡ್ಕೊಂಡು ಕಷ್ಟಪಟ್ಟು ಕೂತು, ಅರ್ಧ ಕೌದಿಯನ್ನ ನೆಲಕ್ಕೆ ಹಾಸಿದರು. ನಾಯಿ ಒಂದು ಸಲ ಗುರ್ ಅಂತು. ಅವರು ಸುಮ್ಮನೆ ಕಾದರು. ಅದು ತಾನಾಗಿ ತೆವಳಿ ಬಂದು ಅದರ ಮೇಲೆ ಬಿತ್ತು. ಉಳಿದ ಅರ್ಧವನ್ನ ಮೇಲೆ ಹೊದೆಸಿದರು. ಆಮೇಲೆ ಕಾಲ ಕಡೆ ಸರಿದು, ಜೋಲುಬಿದ್ದ ಹಿಂಗಾಲು ಎರಡನ್ನೂ ಜೋಡಿಸಿ, ಕೌದಿಯ ಅಂಚನ್ನ ಎರಡು ಮಡಿಕೆ ಮಾಡಿ ಪಾದದ ಕೆಳಗೆ ಸೇರಿಸೋಕೆ ಶುರು ಮಾಡಿದರು. ಬಹಳ ನಿಧಾನ, ಎಲ್ಲೂ ಸಂದಿ ಉಳಿಯದ ಹಾಗೆ. ನನಗೆ ತಡೆಯೋಕೆ ಆಗಲಿಲ್ಲ.

"ರಾಯರೇ, ಅಷ್ಟು ಕಷ್ಟಪಡಬೇಡಿ. ಹಿಂಗಾಲಿಗೆ ಸ್ಪರ್ಶ ಇಲ್ಲ. ಅಲ್ಲಿ ಚಳಿ ಅದಕ್ಕೆ ಗೊತ್ತೇ ಆಗಲ್ಲ."

ಅವರು ತಲೆ ಎತ್ತಲಿಲ್ಲ.

"ಆಕಿಗೂ ಗೊತ್ತಾಗ್ತಿದ್ದಿಲ್ರಿ," ಅಂದರು. "ಲಕ್ವಾ ಹೊಡದ ಮ್ಯಾಲೆ ಎರಡು ವರ್ಷ." ಅಂದು, ಇನ್ನೊಂದು ಪಾದದ ಕಡೆಯೂ ಅಂಚು ಮಡಿಚಿ ಸೇರಿಸಿದರು.